ಡಿಮ್

ಸಿದ್ದಾಪುರದ ಮೊಯ್ದು ಹಳೆಯ ಬಲ್ಬು ಕಳಚಿ
ಬೆರಳ ತುದಿಯಲ್ಲಿ ಹಿಡಿದು ತೋರಿಸಿದ:
"ಇದು ಲೈಟಲ್ಲ ಮೇಡಂ, ಮೂಗುತಿ."
ಹೊಸ ಜೋಡಿಗೆ ಸಾವಿರದೆಂಟುನೂರು.
ರಿಲೇ, ವೈರು ಬೇರೆ.

ಮಾಲ್ದಾರೆ ತಿರುವಿನಲ್ಲಿ ಮೊದಲ ಸಲ
ಕಾಫಿ ಎಲೆಯ ಒಂದೊಂದು ಮಡಿಕೆ ಕಂಡಿತು,
ಆನೆಲದ್ದಿಯ ಹಬೆ ಕೂಡ.
ಆಮೇಲೆ ಒಂದು ಬಿದಿರೇಣಿ,
ಅದರಡಿ ಜೋಗಿ.

ಕಣ್ಣಿಗೆ ಕೈ ಅಡ್ಡ ಹಿಡಿದು
ಚರಂಡಿಗಿಳಿದು ನಿಂತಿದ್ದ,
ಸಲಗಕ್ಕೆ ದಾರಿ ಬಿಟ್ಟ ಹಾಗೆ.

ಹನ್ನೊಂದು ವರ್ಷ, ಮೆಣಸು ಕೊಯ್ಲಿನ ತಿಂಗಳು,
ಇದೇ ಹೊತ್ತು, ಇದೇ ಅಂಚು.
"ನೀವು ಬರೋದು ಯಾವಾಗ್ಲೂ ಕಾಣ್ತಿತ್ತಕ್ಕಾ,
ಇವತ್ತೇ ಕಾಣ್ಲಿಲ್ಲ."

ಡಿಮ್ ಮಾಡಿದೆ.
ಏಣಿ ಓಮ್ನಿಗಿಂತ ಉದ್ದ.
ಹಿಂಬಾಗಿಲು ತೆರೆದೇ ಇಟ್ಟು
ಎರಡನೇ ಗೇರಿನಲ್ಲಿ ಹೊರಟೆವು,
ಹೊರಚಾಚಿದ ತುದಿಗೆ
ಅವನ ಕೆಂಪು ಟವಲು ಕಟ್ಟಿ.