ಸೇರು ಗಾಳಿ

ಮೂರು ಉಂಗುರ ತಂದೆ, ಹಳೇದು,
ಅಶೋಕ ರಸ್ತೆಯಲ್ಲಿ ಅಂಗಡಿ ಮುಚ್ಚುತ್ತಿದ್ದವನಿಂದ:
ಹನ್ನೆರಡು, ಇಪ್ಪತ್ತು, ಮೂವತ್ತಾರು ಮಿಲಿಮೀಟರು.
ಚೌಕಾಸಿ ಮಾಡಿ ಒಂಬೈನೂರು ರೂಪಾಯಿ.
ಎಕ್ಸ್‌ಟೆನ್ಷನ್ ಟ್ಯೂಬು ಎಂದೆ ಮನೆಯಲ್ಲಿ.
ದಾವಣಗೆರೆಯಲ್ಲಿ ಎಕ್ಸ್‌ಟೆನ್ಷನ್ ಅಂದರೆ ಪೀಜೆ,
ಡಾಕ್ಟರುಗಳ ಬೋರ್ಡು, ಸೈಟಿನ ರೇಟು.
"ಅಲ್ಲೇನಾದರೂ ಸಿಕ್ತಾ?" ಅಂದಳು ಹೆಂಡತಿ,
ಒಗ್ಗರಣೆ ಸೌಟು ಹಿಡಿದ ಕೈ ತಡೆದು.

ಮಂಡಕ್ಕಿ ಭಟ್ಟಿಯ ಜುಲೇಖಾಬಿ
ಪಾಸ್‌ಪೋರ್ಟ್ ಸೈಜಿಗೆ ಬಂದವಳು
ಉಂಗುರ ಎತ್ತಿ ಕಣ್ಣಿಗಿಟ್ಟಳು,
ಒಳಗೆ ಬೆರಳು ಹಾಕಿ ತಿರುವಿದಳು.
"ಗಾಜೆಲ್ಲಿ ತಿಪ್ಪೇಶಣ್ಣ?"
ಗಾಜಿಲ್ಲ.
"ಮತ್ತೇನೈತಿ ಇದರಾಗೆ?"
ಏನೂ ಇಲ್ಲ. ಜಾಗ.
"ಒಂಬೈನೂರು ಕೊಟ್ಟು ಗಾಳಿ ತಂದ್ಯಲ್ಲಣ್ಣ!"
ನಕ್ಕಳು. ಹುಬ್ಬಿನ ಮೇಲಿನ ಹೊಟ್ಟಿನ ಮಸಿ
ಒರೆಸಿಕೊಳ್ಳುವುದು ಮರೆತು
ಹಾಗೇ ಬಂದುಬಿಟ್ಟಿತು ಫೋಟೋದಲ್ಲಿ.

ಹೇಗೆ ಹೇಳಲಿ ಅವಳಿಗೆ,
ಲೆನ್ಸು ತನ್ನ ಬೆನ್ನ ಗೋಡೆಯಿಂದ ದೂರ ಸರಿದಷ್ಟೂ
ಎದುರಿನ ಇರುವೆಗೆ ಹತ್ತಿರವಾಗುತ್ತದೆ ಎಂದು.
ಐವತ್ತರ ಲೆನ್ಸಿಗೆ ಐವತ್ತು ಸರಿಸಿದರೆ
ಒಂದಕ್ಕೊಂದು: ಅಕ್ಕಿಕಾಳು ಅಕ್ಕಿಕಾಳಷ್ಟೇ
ಸೆನ್ಸರಿನ ಮೇಲೆ ಬಂದು ಮಲಗುತ್ತದೆ.
ಹಿಗ್ಗಿಸಿದ್ದಲ್ಲ ಅದು, ಕುಗ್ಗಿಸದೆ ಬಿಟ್ಟದ್ದು.
ಇಪ್ಪತ್ತೆರಡು ವರ್ಷ ನಾನು ಮಾಡಿದ್ದೆಲ್ಲ ಕುಗ್ಗಿಸುವ ಕೆಲಸ.
ಆರಡಿ ಗಂಡು, ನಾನೂರು ಜನ ಉಣ್ಣುವ ಛತ್ರ,
ಎಲ್ಲಾ ಉಗುರಗಲಕ್ಕೆ ಮಡಚಿ ಇಟ್ಟೆ,
ಯಾರೂ ಮೋಸ ಅನ್ನಲಿಲ್ಲ.

ಮೂರನ್ನೂ ಸಿಕ್ಕಿಸಿದೆ. ಅರವತ್ತೆಂಟು.
ಮೊದಲು ಬಂದದ್ದು ಕತ್ತಲು;
ಬೆಳಕೂ ಉದ್ದ ದಾರಿಗೆ ತೆಳ್ಳಗಾಗುತ್ತದೆ.
ಹಿತ್ತಲ ಬಿಸಿಲಿಗೆ ಮಣೆ ಎಳೆದು ಕೂತೆ.
ಕೆಂಪಿರುವೆ ನಿಲ್ಲಲಿಲ್ಲ,
ನಿಂತದ್ದು ಅದು ಹೊರಲಾರದೆ ಬಿಟ್ಟುಹೋದ ಮಂಡಕ್ಕಿ.
ನಾಲ್ಕು ಬೆರಳ ದೂರ. ಉಸಿರು ಬಿಟ್ಟರೆ ಕಾಳು ಹಾರುತ್ತದೆ,
ಹಿಡಿದರೆ ಎದೆಬಡಿತಕ್ಕೆ ಫ್ರೇಮು ಅಲ್ಲಾಡುತ್ತದೆ.
ಮೂತಿ ಚೂಪಾದರೆ ಹೊಟ್ಟೆ ಮಂಜು,
ಹೊಟ್ಟೆ ಚೂಪಾದರೆ ಮೂತಿ ಮಂಜು.
ಫೋಕಸ್ಸು ತಿರುವಿ ಫಲವಿಲ್ಲ, ನಾನೇ ಹಿಂದೆ ಮುಂದೆ,
ಬೀಸುವ ಕಲ್ಲಿನ ಮುಂದೆ ಕೂತವನ ಹಾಗೆ.
ಮೂವತ್ತೇಳು ಸಲ ಒತ್ತಿದೆ.
ಎರಡು ಬಂದವು.

ಆ ಖುಷಿಗೆ ದಂಡವೂ ತೆತ್ತೆ.
ಭಾನುವಾರ ಜುಲೇಖಾಬಿಯ ತಂಗಿಯ ಮದುವೆಗೆ
ಹನ್ನೆರಡರ ಉಂಗುರ ಕಳಚದೇ ಹೋದೆ.
ಕಣ್ಣಿಟ್ಟರೆ ಶಾದಿಮಹಲು ಪೂರಾ ಹೊಗೆ,
ಝಗಝಗ ದೀಪಗಳು ಒಡೆದ ಮೊಟ್ಟೆಯ ಹಾಗೆ.
ಉಂಗುರ ತೊಟ್ಟ ಕಣ್ಣಿಗೆ ಗೇಣಿನಾಚೆ ಲೋಕವಿಲ್ಲ;
ದೂರವನ್ನು ಒತ್ತೆಯಿಟ್ಟೇ ಹತ್ತಿರವನ್ನು ತರಬೇಕು.
ಕಳಚುವ ಮೊದಲು, ಯಾಕೋ, ಬಾಗಿ
ಮದುಮಗಳ ಮದರಂಗಿಯ ಕೈ ಒಂದನ್ನು ತೆಗೆದೆ.
ಬಳ್ಳಿಯ ಎಳೆಗಳ ಸಂದಿಯಲ್ಲಿ
ಕಾದ ಮರಳು ಸಿಡಿದ ಹಳೆಯ ಕಲೆ.
ಆಲ್ಬಮ್ಮಿಗೆ ಅದನ್ನು ಹಾಕಲಿಲ್ಲ.

ಮಂಡಕ್ಕಿಯದನ್ನು ಕೊಟ್ಟೆ, ಹನ್ನೆರಡು ಬೈ ಹದಿನೆಂಟು ಪ್ರಿಂಟು.
ಜರಡಿ ಕೆಳಗಿಟ್ಟು, ಕೈ ಒರೆಸಿಕೊಂಡು ನೋಡಿದಳು.
"ದುರ್ಗದ ಗುಡ್ಡವಾ? ಬಂಡೆ, ಬಿರುಕು, ಗವಿ..."
ನಿಮ್ಮ ಭಟ್ಟಿಯದೇ.
ಅಂಗೈಯಲ್ಲಿ ಒಂದು ಕಾಳಿಟ್ಟುಕೊಂಡಳು,
ಮೊಣಕಾಲ ಮೇಲೆ ಪಟ,
ಎರಡರ ನಡುವೆ ಕಣ್ಣು ಹೋಗಿ ಬಂದು ಹೋಗಿ ಬಂದು.
ಕಾದ ಮರಳಲ್ಲಿ ಒಂದು ಚಿಟಿಕೆ ಹೊತ್ತು
ಅಕ್ಕಿಯೊಳಗಿನ ನೀರು ಆವಿಯಾಗಿ ಓಡಿದ ದಾರಿ,
ತೆಳ್ಳನೆ ಗೋಡೆ, ಗೋಡೆಯಾಚೆ ಮತ್ತೊಂದು ಖಾಲಿ ಕೋಣೆ.
"ನಾವೂ ಗಾಳೀನೇ ಬಿಡಣ್ಣ," ಅಂದಳು ಬಹಳ ಹೊತ್ತಿಗೆ,
"ಸೇರಿನಾಗೆ ಅಳೆದು ಮಾರೋದು."

ಒಂದು ಸೇರು ಅಳೆದು ಚೀಲಕ್ಕೆ ಸುರಿದಳು,
ಮೇಲೊಂದು ಹಿಡಿ ಕೊಸರು.
ದುಡ್ಡು ಮುಟ್ಟಲಿಲ್ಲ.
ಆ ಪಾಸ್‌ಪೋರ್ಟ್ ಫೋಟೋ ಆಫೀಸಿನವರು ವಾಪಸ್ ಕಳಿಸಿದ್ದಾರಂತೆ,
ಹುಬ್ಬಿನ ಮೇಲೆ ಏನೋ ಕಪ್ಪು ಐತಿ ಅಂತ.
"ಇನ್ನೊಂದು ತೆಗಿ," ಅಂದಳು, "ಈ ಸಲ
ಉಂಗುರ ಗಿಂಗುರ ಬ್ಯಾಡ. ದೂರ ನಿಂತು ತೆಗಿ."