ಟೆರಿಕಾಟ್ ಮಿಲಿಟರಿ

ನನ್ನ ಅಳತೆ ಪುಸ್ತಕದಲ್ಲಿ ಅವರ ಪುಟವೊಂದನ್ನು
ಇಪ್ಪತ್ತೇಳು ವರ್ಷವಾದರೂ ಹರಿದಿಲ್ಲ.
ಎದೆ ಮೂವತ್ತಾರು, ಸೊಂಟ ಇಪ್ಪತ್ತೊಂಬತ್ತು,
ಎಡಭುಜ ಬಲಕ್ಕಿಂತ ಕಾಲಿಂಚು ಇಳಿಜಾರು.
ಅದು ದೇವರ ಕೈತಪ್ಪು, ನನ್ನದಲ್ಲ.

ಕೌಲ್ ಬಜಾರಿನ ಇದೇ ಕಟ್ಟೆಯ ಮೇಲೆ ಕೂತು
ನಮ್ಮಜ್ಜ ಗೋರಾ ಸೋಲ್ಜರುಗಳ ಕೋಟಿಗೆ ಗುಂಡಿ ಹಚ್ಚಿದ.
ನಾನು ಜೀನ್ಸಿಗೆ ಜಿಪ್ಪು ಹಚ್ಚುವವನು.
ಒಂದು ಮಧ್ಯಾಹ್ನ
ಸಹಕಾರಿ ಬ್ಯಾಂಕಿನ ಕ್ಯಾಶ್ ಕೌಂಟರಿನಿಂದ ಎದ್ದು ಬಂದು,
ಬೆರಳಿಗಿನ್ನೂ ಸ್ಟಾಂಪಿನ ಮಸಿ,
ಎರ್ರಿಸ್ವಾಮಿ ಹಸಿರು ಬಟ್ಟೆಯ ಗಂಟು ಬಿಚ್ಚಿದರು.
"ಟೆರಿಟೋರಿಯಲ್ ಆರ್ಮಿ, ಹೊನ್ನೂರ್ ಸಾಬ್.
ಭುಜಕ್ಕೆ ಎರಡು ಚುಕ್ಕೆ."
ನನ್ನ ಕಿವಿಗೆ ಬಿದ್ದದ್ದು ಟೆರಿಕಾಟ್.
"ಒಳ್ಳೇದಾಯ್ತು ಬಿಡ್ರಿ," ಅಂದೆ,
"ಅರ್ಧ ಹತ್ತಿ, ಅರ್ಧ ಟೆರಿಲೀನು.
ಕುಗ್ಗಲ್ಲ, ಬಣ್ಣ ಬಿಡಲ್ಲ.
ಬಿಸಿಲಿಗೆ ಮಾತ್ರ ಒಳಗೆ ಬೇಯ್ತದೆ."
ಹೊರಗೆ ಬಳ್ಳಾರಿಯ ಮೇ ತಿಂಗಳು.
ಅವರು ನಕ್ಕ ಮೇಲೆ ನಾನೂ ನಕ್ಕೆ, ಯಾಕೆಂದು ತಿಳಿಯದೆ.

ಬಜಾರಿನಲ್ಲಿ ಆ ಹೆಸರೇ ನಿಂತಿತು.
ಹತ್ತು ತಿಂಗಳು ಚಿನ್ನದ ಸಾಲ, ಎರಡು ತಿಂಗಳು ಬಂದೂಕು.
ವಾಪಸ್ ಬಂದಾಗ ಬ್ಯಾಂಕಿನವರು ಕೇಳುವರಂತೆ,
"ಗಡಿಗೆ ಬೀಗ ಹಾಕಿ ಕೀಲಿ ಯಾರಿಗೆ ಕೊಟ್ಟು ಬಂದ್ರಿ?"
ಕ್ಯಾಂಪಿನಲ್ಲಿ ಬೇರೆ,
"ಈ ಗುಂಡಿಗೆ ಬಡ್ಡಿ ಎಷ್ಟು ಸಾಹೇಬ್?"
ಅಂಥ ಬಟ್ಟೆಗೆ ಎರಡೂ ಅಂಚು ಮಡಚಿ ಹೊಲಿಯಬೇಕು,
ಇಲ್ಲವಾದರೆ ನೂಲು ಬಿಡುತ್ತದೆ.

ಮೂರನೇ ಚುಕ್ಕೆ ಬಂದ ವಾರ ಮಗಳು ಹುಟ್ಟಿದ್ದು,
ತಂತಿ ತಲುಪಿದ್ದು ಫೈರಿಂಗ್ ರೇಂಜಿಗೆ.
ಸಿಂಹ ಬಂದ ವರ್ಷ ಸೊಂಟ ಮೂವತ್ನಾಲ್ಕು,
ಬ್ಯಾಂಕಿನಲ್ಲಿ ಬಡ್ತಿ ತಪ್ಪಿತು, ಹಾಜರಿ ಸಾಲದೆಂದು.
"ಅಲ್ಲಿ ಮೇಜರ್, ಇಲ್ಲಿ ಹೆಡ್ ಕ್ಲರ್ಕ್," ಅಂದರು,
"ಎರಡಕ್ಕೂ ಒಂದೇ ಬೆಲ್ಟು."
ನಾನು ಮೊದಲಿನಿಂದಲೂ ಒಳಗೆ ಎರಡಿಂಚು ಬಿಟ್ಟೇ ಹೊಲಿಯುತ್ತಿದ್ದೆ.

ಒಮ್ಮೆ ಮಾತ್ರ ಎರಡು ತಿಂಗಳು ಹದಿನಾರಾಯಿತು.
ಎಲ್ಲಿ ಅಂತ ಕೇಳಬಾರದು. ಚಳಿ ಅಂದರು, ಅಷ್ಟೆ.
ಬಂದು ನಿಂತಾಗ ಪ್ಯಾಂಟು ಜಾರುವಂತಿತ್ತು.
ಒಳಗೆ ಹಿಡಿಯಲು ಟೇಪು ತೆಗೆದರೆ, "ಅದು ಇರಲಿ," ಎಂದು
ಕೈಚೀಲದಿಂದ ಬೇರೊಂದು ಅಂಗಿ ತೆಗೆದರು.
ನೋಡಿದರೇ ಗೊತ್ತಾಗುತ್ತಿತ್ತು, ಎದೆ ಮೂವತ್ನಾಲ್ಕು ದಾಟದು.
"ಹೆಸರಿನ ಪಟ್ಟಿ ಬಿಚ್ಚಿಕೊಡಿ. ಬಟ್ಟೆ ಹರೀಬಾರದು.
ಸಿಂಧನೂರಿನ ಹುಡುಗ.
ಅವರವ್ವ ಅಂಗಿ ಬ್ಯಾಡ, ಹೆಸರಷ್ಟು ಸಾಕು ಅಂದಾಳೆ.
ಓದಾಕ ಬರಲ್ಲ ಆಕೆಗೆ."

ಬ್ಲೇಡಿನ ತುದಿಯಲ್ಲಿ ಒಂದೊಂದೇ ಟಾಕು ಕಡಿದೆ.
ಸ್ಟೂಲು ಕೊಟ್ಟರೂ ಅವರು ಕೂಡಲಿಲ್ಲ.
ಪಟ್ಟಿ ಎದ್ದ ಜಾಗದಲ್ಲಿ ಬಟ್ಟೆ ಹೊಸದರಂತೆ ಕಡುಹಸಿರು,
ಸುತ್ತ ಎಲ್ಲ ಮಾಸಿತ್ತು.
ಕೂಲಿ ಬೇಡವೆಂದೆ.
ಗಲ್ಲೆಯ ಮೇಲೆ ಚಿಲ್ಲರೆ ಎಣಿಸಿಟ್ಟರು, ಎರಡು ಸಲ ಎಣಿಸಿ,
ಕ್ಯಾಶಿಯರ್ ಅಲ್ಲವೇ.
ಅಂಗಿ ಮರೆತು ಹೋದರು. ಅಥವಾ ಬಿಟ್ಟು ಹೋದರು.
ಈಗಲೂ ಮೇಲಿನ ಹಲಗೆಯಲ್ಲಿದೆ,
ನಾನೂ ನೆನಪಿಸಿಲ್ಲ.

ಮೊನ್ನೆ ಬಂದರು. ಎರಡೂ ಕಡೆ ರಿಟೈರು.
ಕೊನೆಗೆ ಸಿಂಹದ ಪಕ್ಕ ಒಂದು ಚುಕ್ಕೆ ಬಂದಿತ್ತಂತೆ,
ಅದನ್ನು ಹೊಲಿದದ್ದು ನಾನೇ,
ಆದರೂ ಹೊಸ ಸುದ್ದಿಯಂತೆ ಹೇಳಿದರು.
ಎರಡು ಜುಬ್ಬ, ಒಂದು ಪೈಜಾಮ, ಬರೀ ಹತ್ತಿ.
ಬಟ್ಟೆ ಹರವಿ ಮಾತಾಡುತ್ತ ಮಾತಾಡುತ್ತ
ನನ್ನ ಕೈ ಜುಬ್ಬದ ಭುಜಕ್ಕೆ ಗೆರೆ ಎಳೆದುಬಿಟ್ಟಿತ್ತು,
ಪಟ್ಟಿ ಕೂರುವ ಜಾಗಕ್ಕೆ.
"ಇದಕ್ಕ್ಯಾಕೆ ಸಾಬ್?"
ಸೀಮೆಸುಣ್ಣ ಕೊಡವಿದೆ. ಟೇಪು ಹಿಡಿದೆ.
"ಎಡಭುಜ ಅರ್ಧ ಇಂಚು ಇಳಿದೈತೆ, ಸಾಹೇಬ್ರೆ."
"ಬರ್ಕೊಳ್ಳಿ."
ಪುಟದಲ್ಲಿ ಜಾಗವಿರಲಿಲ್ಲ.
ಪುಸ್ತಕ ತಿರುಗಿಸಿ
ಅಂಚಿನಲ್ಲಿ ಅಡ್ಡಡ್ಡ ಬರೆದುಕೊಂಡೆ.