ನಲವತ್ತೇಳನೇ ಟ್ರಕ್ಕು ನಿಂತದ್ದು

ಕಲಾಮಾದಲ್ಲಿ ಮಳೆಯ ಮಾತೆತ್ತಿದರೆ
ಮುದುಕರು ವರ್ಷ ಎಣಿಸತೊಡಗುತ್ತಾರೆ,
ಬೆರಳು ಸಾಲದೆ ಸುಮ್ಮನಾಗುತ್ತಾರೆ.
ಇಂಥ ಊರಲ್ಲಿ ನಾನು
ಎರಡು ಹನಿಯಷ್ಟು ಪ್ಲಾಸ್ಟಿಕ್ಕು ಕಣ್ಣಲ್ಲಿಟ್ಟುಕೊಂಡು
ದಿನಕ್ಕೆ ಹನ್ನೆರಡು ಗಂಟೆ
ತಾಮ್ರದ ಗಣಿಗೆ ಇಳಿಯುತ್ತೇನೆ, ಏರುತ್ತೇನೆ.

ನನ್ನ ಟ್ರಕ್ಕಿನ ಚಕ್ರವೇ ಎರಡಾಳೆತ್ತರ.
ಏಣಿ ಹತ್ತಿ ಕೂತರೆ ಕೆಳಗಿನ ಜೀಪುಗಳೆಲ್ಲ ಇರುವೆ.
ಮೊದಲು ಕನ್ನಡಕವಿತ್ತು.
ಮಾಸ್ಕಿನೊಳಗಿನ ನನ್ನದೇ ಉಸಿರಿಗೆ ಅದು ಮಂಜಾಗಿ
ಒಮ್ಮೆ ಒಂದು ಇರುವೆ ಕಾಣದೇ ಹೋಯಿತು.
ಏನೂ ಆಗಲಿಲ್ಲ. ಆಗಬಹುದಿತ್ತು.
ಮರುವಾರವೇ ಲೆನ್ಸು.

ಬೆಳಿಗ್ಗೆ ಆರಕ್ಕೆ ಅವು ಮೀನಿನ ಹಾಗೆ, ಮೆತ್ತಗೆ, ಒದ್ದೆ.
ಹನ್ನೊಂದಕ್ಕೆ ಹಪ್ಪಳ.
ಮೂರಕ್ಕೆ ಯಾರೋ ಕಣ್ಣುಗುಡ್ಡೆಗೆ
ಮರಳುಕಾಗದ ತಿಕ್ಕುತ್ತಾ ಕೂತಿರುತ್ತಾರೆ,
ಆತುರವೇನೂ ಇಲ್ಲದೆ.

"ನೆಕ್ಕಿ ಹಾಕಿಕೋ, ನಾನು ಹಾಗೇ ಮಾಡೋದು"
ಅನ್ನುತ್ತಾನೆ ಎಲಿಸಿಯೋ.
ಅವನ ಎಡಗಣ್ಣು ವರ್ಷವಿಡೀ ಕೆಂಪು.
ಬೇಕಾದರೆ ಅವನ ಹತ್ತಿರ ಸಾಲ ಕೇಳುತ್ತೇನೆ, ಸಲಹೆ ಬೇಡ.

ಡಾಕ್ಟರ್ ಚೋಕೆ ನೀಲಿ ಬೆಳಕು ಬಿಟ್ಟು ಇಣುಕಿದರು.
"ನೀರಿಲ್ಲವೆಂದಲ್ಲ, ಯಾಸ್ನಾ.
ನಿನಗೆ ಎವೆ ಬಡಿಯುವುದೇ ಮರೆತು ಹೋಗಿದೆ.
ನಿಮಿಷಕ್ಕೆ ಹದಿನೈದು ಸಲ ಮುಚ್ಚಬೇಕಾದ ಕಣ್ಣು
ನಾಲ್ಕೇ ಸಲ ಮುಚ್ಚುತ್ತಿದೆ. ಯಾರನ್ನು ಕಾಯುತ್ತೀ?"

ಯಾರನ್ನೂ ಅಲ್ಲ. ಅಂಚನ್ನು.
ರಸ್ತೆಯಂಚು, ಅದರಾಚೆ ಕಿಲೋಮೀಟರ್ ಆಳದ ಗಾಳಿ.
ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಕಾಯಬೇಕು ಅನ್ನುತ್ತಾರಲ್ಲ,
ಎಣ್ಣೆಯಾದರೂ ಇದ್ದಿದ್ದರೆ!
ಎವೆಯಿಕ್ಕದೆ ಇರುವುದು ದೇವರಿಗೆ ಒಪ್ಪುತ್ತದೆ.
ಅವರಿಗೆ ಧೂಳಿಲ್ಲ, ಪಾಳಿಯಿಲ್ಲ.

ಔಷಧಿ ಬರೆದುಕೊಟ್ಟರು. ಕಿರುಬೆರಳುದ್ದದ ಸೀಸೆ,
ಅದರ ಬೆಲೆಗೆ ಮೂರು ದಿನದ ಬ್ರೆಡ್ಡು.
ಕೊನೆಯ ಹನಿ ಯಾವಾಗಲೂ ಕೆನ್ನೆಗೇ ಬೀಳುತ್ತದೆ.

ಕಳೆದ ಮಂಗಳವಾರ,
ಪುಣ್ಯಕ್ಕೆ ಇಳಿಜಾರಿನಲ್ಲಲ್ಲ, ಸಮತಟ್ಟಿನಲ್ಲಿ,
ಬಲಗಣ್ಣಿನದು ಒಣಗಿ, ಮಡಚಿ, ಹಾರಿಹೋಯಿತು.
ಬ್ರೇಕ್.
ಮುನ್ನೂರು ಟನ್ ಕಲ್ಲು, ಅದನ್ನು ಹೊತ್ತ ಇನ್ನೂರು ಟನ್ ಉಕ್ಕು,
ಹಿಂದೆ ಸಾಲುಗಟ್ಟಿದ ಆರು ಟ್ರಕ್ಕು
ಎಲ್ಲ ನಿಂತವು,
ಈರುಳ್ಳಿ ಪೊರೆಗಿಂತ ತೆಳುವಾದ ಒಂದು ಚೂರಿಗಾಗಿ.
ರೇಡಿಯೋ ಕಿರುಚಿತು: ನಲವತ್ತೇಳು, ಏನಾಯಿತು? ನಲವತ್ತೇಳು!
ನಾನು ಮಂಡಿಯೂರಿ, ಒಂದು ಕಣ್ಣು ಮುಚ್ಚಿ
ಪೆಡಲಿನ ಸಂದಿ ತಡಕುತ್ತಿದ್ದೆ.
"ಕಣ್ಣು ಬಿದ್ದಿದೆ, ಸಾರ್."

ಎರಡು ಕ್ಷಣ ಗಣಿಗೆ ಗಣಿಯೇ ಸದ್ದಿಲ್ಲ.
ಆಮೇಲೆ ಯಾರೋ ನಕ್ಕರು. ಆಮೇಲೆ ಎಲ್ಲರೂ.
ಎಲಿಸಿಯೋ ಎಲ್ಲರಿಗಿಂತ ಜೋರು.
"ಯಾರದು ಬಿತ್ತು, ಯಾರ ಮೇಲೆ ಬಿತ್ತು?"
ನಗುತ್ತಾ ನಗುತ್ತಾ ನನಗೂ ನೀರು ಬಂತು,
ಬಲಗಣ್ಣಿಂದ, ಎಷ್ಟೋ ತಿಂಗಳ ಮೇಲೆ, ಪುಕ್ಕಟೆ.
ಟ್ರಕ್ಕನ್ನು ಇನ್ನೊಬ್ಬಳು ಬಂದು ತೆಗೆದುಕೊಂಡು ಹೋದಳು.
ಲೆನ್ಸು ಸಿಕ್ಕಿದ್ದು ರಾತ್ರಿ, ತೋಳಿನ ಮಡಿಕೆಯಲ್ಲಿ;
ಉಗುರು ತಾಗಿದ್ದೇ ಪುಡಿಯಾಯಿತು.

ಈಗ ಮನೆಗೆ ಬಂದವಳೇ ಕೈ ತೊಳೆದು
ಎರಡನ್ನೂ ಅವುಗಳ ಪುಟ್ಟ ಬಾವಿಗಳಲ್ಲಿ ಮುಳುಗಿಸುತ್ತೇನೆ.
ರಾತ್ರಿಯಿಡೀ ಸ್ನಾನ ಅವಕ್ಕೆ,
ಈ ಊರಲ್ಲಿ ಇನ್ಯಾರಿಗುಂಟು ಆ ಭಾಗ್ಯ!
ಆಮೇಲೆ ಈರುಳ್ಳಿ ಹೆಚ್ಚುತ್ತೇನೆ.
ಲೆನ್ಸಿದ್ದಾಗ ಅದೂ ನನ್ನನ್ನು ಅಳಿಸಲಾರದು.
ಬರಿಗಣ್ಣಿಗಾದರೆ ಎರಡೇ ಗೀರು, ಸಾಕು.

ಮಿಲೆನ್ಕಾ ಲೆಕ್ಕದ ಪುಸ್ತಕದಿಂದ ತಲೆಯೆತ್ತಿ
"ಅಳ್ತಿದೀಯಾ?"
"ಇಲ್ಲ ಮಗೂ, ಔಷಧಿ."
ನಂಬುವುದಿಲ್ಲ ಅವಳು.
ಹತ್ತಿರ ಬಾ, ಅನ್ನುತ್ತೇನೆ,
ಮಾರುದೂರದ ಮುಖವೂ ನನಗೀಗ ಹಬೆ.
ಬಂದು, ಮೂಗಿಗೆ ಮೂಗು ಹಚ್ಚಿ, ಎಣಿಸುತ್ತಾಳೆ
ಡಾಕ್ಟರು ಹೇಳಿದ ಹದಿನೈದನ್ನು:
ಒಂದು, ಎರಡು, ಮೂರು...
ಏಳಕ್ಕೆ ಅವಳ ಹುಬ್ಬಿನ ಪಕ್ಕ
ಹೊಸದೊಂದು ಮಚ್ಚೆ ಕಂಡು ನಿಂತುಬಿಡುತ್ತೇನೆ.

"ಅಮ್ಮ, ಎವೆ!"
ಎಂದು ಗದರುತ್ತಾಳೆ.